ಯುನ್ ದೊಂಗ್‌ಜು ಕವಿತೆ ಓದೋದು ಹೇಗೆ: ಮೊದ್ಲು ಕೆಳಗಿರೋ ತಾರೀಖು ನೋಡಿ

ಕೊರಿಯನ್ ಡ್ರಾಮಾ ನೋಡಿ ನೋಡಿ ಭಾಷೆ ಕಲಿಯೋಕೆ ಹೊರಟೋರಲ್ಲಿ ನಾನೂ ಒಬ್ಳು. ಹಂಗುಲ್ ಅಕ್ಷರ ಒಂದು ವಾರದಲ್ಲಿ ಬಂತು, ಮೆನು ಕಾರ್ಡು ಓದೋದು ಬಂತು, ಆಮೇಲೆ ಕವಿತೆ ಓದೋಣ ಅಂತ ಹೊರಟ್ರೆ ಎಲ್ರೂ ಹೇಳೋದು ಒಂದೇ ಹೆಸ್ರು, ಯುನ್ ದೊಂಗ್‌ಜು. ಕೊರಿಯಾದಲ್ಲಿ ಸ್ಕೂಲಿಗೆ ಹೋದ ಯಾರನ್ನ ಕೇಳಿದ್ರೂ ಅವನ 'ಸೊಶಿ' ಅನ್ನೋ ಪುಟ್ಟ ಕವಿತೆ ಬಾಯಿಪಾಠ ಒಪ್ಪಿಸ್ತಾರೆ. ಸರಿ ಅಂತ ನಾನೂ ಅದನ್ನೇ ಮೊದ್ಲು ಓದ್ದೆ. ಆಕಾಶ, ಗಾಳಿ, ಎಲೆ, ನಕ್ಷತ್ರ, ಮುಗೀತು. ಚೆನ್ನಾಗಿದೆ ಅನ್ನಿಸ್ತು ಅಷ್ಟೆ, ಗ್ರೀಟಿಂಗ್ ಕಾರ್ಡ್ ಮೇಲೆ ಹಾಕಬಹುದಾದಂಥ ಸಾಲು ಅನ್ಕೊಂಡು ಮುಚ್ಚಿಟ್ಟೆ. ಎರಡು ವರ್ಷ ಆದ್ಮೇಲೆ ಗೊತ್ತಾಯ್ತು ನಾನು ಓದಿದ ಕ್ರಮಾನೇ ತಪ್ಪು ಅಂತ. ಅದಕ್ಕೇ ಇದನ್ನ ಬರೀತಿದೀನಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ನಾನು ಅವನನ್ನ ಏಕವಚನದಲ್ಲೇ ಕರೀತೀನಿ. ಇಪ್ಪತ್ತೇಳು ವರ್ಷಕ್ಕೆ ಹೋಗ್ಬಿಟ್ಟ ಹುಡುಗ, 'ಅವರು' ಅಂದ್ರೆ ಯಾಕೋ ದೂರ ಆಗ್ತಾನೆ. ಮತ್ತೆ ಯುನ್ ಅನ್ನೋದು ಮನೆತನದ ಹೆಸ್ರು, ಕೊರಿಯನ್‌ನಲ್ಲಿ ಅದು ಮುಂದೆ ಬರುತ್ತೆ, ದೊಂಗ್‌ಜು ಅನ್ನೋದು ಅವನ ಹೆಸ್ರು.

ಈಗ ಮುಖ್ಯ ವಿಷ್ಯ. ದೊಂಗ್‌ಜುಗೆ ಒಂದು ಅಭ್ಯಾಸ ಇತ್ತು, ಬಹುಪಾಲು ಕವಿತೆ ಕೆಳಗೆ ಬರೆದ ತಾರೀಖು ಹಾಕ್ತಿದ್ದ. 1934ರ ಡಿಸೆಂಬರ್ 24ನೇ ತಾರೀಖಿನ ಮೂರು ಕವಿತೆಯಿಂದ ಇದು ಶುರು, ಆಗ ಅವನಿಗಿನ್ನೂ ಹದಿನೇಳು ತುಂಬಿರ್ಲಿಲ್ಲ. ಅದೇ ಹೊತ್ತಿಗೆ ಅವನ ಜೊತೆಲೇ ಒಂದೇ ಮನೇಲಿ ಹುಟ್ಟಿ ಬೆಳೆದ ಸೋದರತ್ತೆ ಮಗ ಸೊಂಗ್ ಮೊಂಗ್‌ಗ್ಯು ಬರೆದದ್ದು ದೊಂಗಾ ಇಲ್ಬೊ ಪತ್ರಿಕೆಯ ಹೊಸವರ್ಷದ ಸ್ಪರ್ಧೆಲಿ ಗೆದ್ದಿತ್ತು, ಅವನು ಗೆದ್ದ ನಾನು ಇನ್ನೂ ಏನೂ ಮಾಡಿಲ್ಲ ಅನ್ನೋ ಉರಿನೂ ಇದರ ಹಿಂದೆ ಇತ್ತು ಅಂತ ಹೇಳೋರಿದಾರೆ. ಏನೇ ಇರ್ಲಿ, ಆ ತಾರೀಖುಗಳು ನಮಗೆ ದೊಡ್ಡ ಉಪಕಾರ. ಪುಸ್ತಕದಲ್ಲಿ ಅಚ್ಚಾದ ಕ್ರಮ ಮರೆತುಬಿಡಿ, ಒಂದು ನೋಟ್‌ಬುಕ್ ತಗೊಂಡು ಎಡಗಡೆ ಪುಟದಲ್ಲಿ ಕವಿತೆ ಹೆಸ್ರು ಮತ್ತೆ ತಾರೀಖು, ಬಲಗಡೆ ಪುಟದಲ್ಲಿ ಅದೇ ತಿಂಗಳು ಅವನ ಜೀವನದಲ್ಲಿ, ದೇಶದಲ್ಲಿ ಏನಾಗ್ತಿತ್ತು ಅಂತ ಬರ್ಕೊಳ್ಳಿ. ಇಷ್ಟೇ ವಿಧಾನ. ಉಳಿದಿದ್ದೆಲ್ಲ ಇದರ ಮೇಲೆ ನಡೆಯುತ್ತೆ.

ಬಲಗಡೆ ಪುಟಕ್ಕೆ ಮೊದ್ಲು ಬೇಕಾದ ನಾಲ್ಕು ಸಾಲು ನಾನೇ ಕೊಡ್ತೀನಿ. ಹುಟ್ಟಿದ್ದು 1917ರ ಡಿಸೆಂಬರ್ 30, ಕೊರಿಯಾದಲ್ಲಲ್ಲ, ತುಮೆನ್ ನದಿಯ ಆಚೆ ಮಂಚೂರಿಯಾದ ಗಾಂದೊ ಸೀಮೆಯ ಮ್ಯೊಂಗ್‌ದೊಂಗ್ ಅನ್ನೋ ಹಳ್ಳಿಲಿ, ಈಗ ಅದು ಚೀನಾದ ಲಾಂಗ್‌ಜಿಂಗ್ ಊರಿನ ಹತ್ರ. ಬರಗಾಲಕ್ಕೆ ಹೆದರಿ ನದಿ ದಾಟಿ ಬಂದ ಕೊರಿಯನ್ ಮನೆತನಗಳು ಅಲ್ಲಿ ಭೂಮಿ ಮಾಡಿ, ಸ್ಕೂಲು ಕಟ್ಟಿ, ಆಮೇಲೆ ಕ್ರೈಸ್ತರಾಗಿ ಚರ್ಚು ಕಟ್ಟಿ ಇದ್ದವು, ಆ ಸ್ಕೂಲು ಕಟ್ಟಿದೋರಲ್ಲಿ ದೊಡ್ಡ ಹೆಸ್ರು ಇವನ ಸೋದರಮಾವ ಕಿಮ್ ಯಾಕ್‌ಯೊನ್. ಕೊರಿಯಾ 1910ರಿಂದ ಜಪಾನಿನ ಕೈಲಿ. ಅಂದ್ರೆ ಇವನು ಹುಟ್ಟೋ ಹೊತ್ತಿಗೆ ಇವನ ಭಾಷೆಗೆ ಒಂದು ದೇಶ ಅಂತ ಇರ್ಲಿಲ್ಲ. ಇದೊಂದು ಗೊತ್ತಿದ್ರೆ ಸಾಕು, ಶುರು ಮಾಡಬಹುದು.

ಮೊದಲ ಕವಿತೆಯಾಗಿ 1936ರ ಸುಮಾರಿಗೆ ಬರೆದ ಮಕ್ಕಳ ಪದ್ಯ ಒಂದನ್ನ ತಗೊಳ್ಳಿ, ಹೆಸ್ರು 'ಓಜುಮ್‌ಸಾಗೆ ಜಿದೊ', ಹಾಸಿಗೇಲಿ ಉಚ್ಚೆ ಹೊಯ್ಯೋನ ಭೂಪಟ ಅಂತ. ಹೌದು, ಅದೇ. ತಮ್ಮ ರಾತ್ರಿ ಹಾಸಿಗೆ ಒದ್ದೆ ಮಾಡಿದಾನೆ, ಬೆಳಿಗ್ಗೆ ಅದನ್ನ ತಂತಿ ಮೇಲೆ ಒಣಗಿಸೋಕೆ ಹಾಕಿದಾರೆ, ಕಲೆ ನೋಡಿದ್ರೆ ಮ್ಯಾಪ್ ಥರ ಇದೆ. ನಗು ಬರುತ್ತೆ ಅಲ್ವಾ. ಎರಡನೇ ಭಾಗದಲ್ಲಿ ಮಗು ಕೇಳುತ್ತೆ, ಇದು ಕನಸಲ್ಲಿ ಹೋಗಿ ಬಂದ, ಅಮ್ಮ ಇರೋ ನಕ್ಷತ್ರದ ನಾಡಿನ ಮ್ಯಾಪಾ, ಇಲ್ಲಾ ದುಡಿಯೋಕೆ ಹೋದ ಅಪ್ಪ ಇರೋ ಮಂಚೂರಿಯಾದ ಮ್ಯಾಪಾ ಅಂತ. ಅಲ್ಲಿಗೆ ಮುಗೀತು ಪದ್ಯ. ಅಮ್ಮ ಸತ್ತಿದಾಳೆ ಅಂತ ಎಲ್ಲೂ ಹೇಳಲ್ಲ. ಭಾಷೆ ಒಂದನೇ ಕ್ಲಾಸಿನ ಭಾಷೆ, ಡಿಕ್ಷನರಿ ಇಟ್ಕೊಂಡ್ರೆ ಅರ್ಧ ಗಂಟೆ ಕೆಲ್ಸ, ಮತ್ತೆ ಅವನು ಏನನ್ನ ಹೇಳಲ್ವೋ ಅಲ್ಲೇ ಕವಿತೆ ಇರೋದು ಅನ್ನೋದು ಇಲ್ಲೇ ಗೊತ್ತಾಗಿಬಿಡುತ್ತೆ. 'ನಕ್ಷತ್ರ' ಅನ್ನೋ ಪದಕ್ಕೆ ಪೆನ್ಸಿಲ್ಲಲ್ಲಿ ಸುತ್ತು ಹಾಕಿಡಿ, ಅದು ಮತ್ತೆ ಬರುತ್ತೆ.

ಮುಂದೆ 1939ರ ಸೆಪ್ಟೆಂಬರಿಗೆ ಹಾರಿ. ನಡುವೆ ಓದೋಕೆ ಪಿಯೊಂಗ್‌ಯಾಂಗ್‌ಗೆ ಹೋಗಿದ್ದ, ಅಲ್ಲಿನ ಮಿಷನ್ ಸ್ಕೂಲು ಜಪಾನಿಗಳ ಶಿಂಟೊ ಗುಡಿಗೆ ಕೈ ಮುಗಿಯಲ್ಲ ಅಂದದ್ದಕ್ಕೆ ಗಲಾಟೆ ಆಗಿ 1936ರಲ್ಲಿ ವಾಪಸ್ ಊರಿಗೆ ಬಂದ, ಅಪ್ಪ ಡಾಕ್ಟರ್ ಓದು ಅಂದ್ರೆ ಇವನು ಸಾಹಿತ್ಯ ಅಂತ ಹಟ ಹಿಡಿದು 1938ರಲ್ಲಿ ಸೋಲ್‌ನ ಯೊನ್ಹಿ ಕಾಲೇಜು ಸೇರ್ದ (ಈಗಿನ ಯೊನ್ಸೆ ಯೂನಿವರ್ಸಿಟಿ), ಡಾಕ್ಟರ್-ಸಾಹಿತ್ಯ ಜಗಳ ನಮ್ಮ ಮನೆಗಳದ್ದೇ ಅನ್ಕೊಂಡಿದ್ದೆ ನಾನು. ಕವಿ ಬೇಕ್ ಸೊಕ್‌ನ 'ಸಾಸುಮ್' ಸಂಕಲನ 1936ರಲ್ಲಿ ನೂರೇ ನೂರು ಪ್ರತಿ ಅಚ್ಚಾಗಿತ್ತು, ಸಿಗದೇ ಹೋದಾಗ ಇಡೀ ಪುಸ್ತಕಾನ ಕೈಲಿ ಕಾಪಿ ಮಾಡ್ಕೊಂಡೋನು ಇವನು.

1939ರ ಆ ಕವಿತೆ 'ಜಾಹ್ವಾಸಾಂಗ್', ಸ್ವಂತ ಚಿತ್ರ. ಗುಡ್ಡದ ತಿರುವು ದಾಟಿ, ಗದ್ದೆ ಪಕ್ಕದ ಒಂಟಿ ಬಾವಿಗೆ ಒಬ್ನೇ ಹೋಗಿ ಸುಮ್ನೆ ಬಗ್ಗಿ ನೋಡ್ತಾನೆ. ಒಳಗೆ ಚಂದ್ರ, ಮೋಡ, ಆಕಾಶ, ಶರತ್ಕಾಲ, ಮತ್ತೆ ಒಬ್ಬ ಗಂಡಸು. ಯಾಕೋ ಅವನ ಮೇಲೆ ದ್ವೇಷ ಬಂದು ಹೊರಟುಬಿಡ್ತಾನೆ. ಹೋಗ್ತಾ ಹೋಗ್ತಾ ಪಾಪ ಅನ್ನಿಸುತ್ತೆ, ವಾಪಸ್ ಬರ್ತಾನೆ, ಅವನು ಅಲ್ಲೇ ಇದಾನೆ. ಮತ್ತೆ ದ್ವೇಷ, ಮತ್ತೆ ಹೊರಡೋದು, ಈ ಸಲ ಅವನ ನೆನಪು ಕಾಡುತ್ತೆ. ಇದನ್ನ ಇಂಗ್ಲಿಷ್ ಅನುವಾದದಲ್ಲಿ ಓದಿದಾಗ ಆ ಮಧ್ಯದ ಭಾವ ಸ್ವಲ್ಪ ಮೇಲಿಂದ ಕೆಳಗೆ ನೋಡೋ ಹಾಗೆ ಕೇಳುತ್ತೆ, ಕನ್ನಡದಲ್ಲಿ 'ಪಾಪ ಅನ್ನಿಸ್ತು' ಅಂದ್ರೆ ಮುಗೀತು, ಅದೇ ಸರಿಯಾದ ತೂಕ. ಜೋರಾಗಿ ಓದಿ, ಬರೋದು ಹೋಗೋದು ಬರೋದು ಹೋಗೋದು ಅನ್ನೋ ಲಯ ಬಾಯಲ್ಲೇ ಗೊತ್ತಾಗುತ್ತೆ. ಬಾವಿಲಿರೋ ಈ ಮನುಷ್ಯನನ್ನ ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರ್ದಿಟ್ಕೊಳ್ಳಿ.

ಇದಾದ್ಮೇಲೆ ಎಡಗಡೆ ಪುಟ ಖಾಲಿ. 1940ರ ಡಿಸೆಂಬರ್‌ವರೆಗೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಬರೆದದ್ದು ಸಿಗಲ್ಲ. ಬಲಗಡೆ ಪುಟ ಮಾತ್ರ ತುಂಬ್ತಾ ಹೋಗುತ್ತೆ: ಸ್ಕೂಲಲ್ಲಿ ಕೊರಿಯನ್ ಪಾಠ ನಿಂತಿದೆ, ಜನ ಜಪಾನಿ ಥರ ಹೆಸ್ರು ಇಟ್ಕೋಬೇಕು ಅನ್ನೋ ಒತ್ತಾಯ 1940ರಲ್ಲಿ ಶುರುವಾಗಿದೆ, ಅದೇ ವರ್ಷ ಆಗಸ್ಟಲ್ಲಿ ದೊಂಗಾ ಇಲ್ಬೊ, ಚೊಸುನ್ ಇಲ್ಬೊ ಎರಡೂ ಪತ್ರಿಕೆ ಮುಚ್ಚಿಸಿದಾರೆ. ತಾರೀಖು ನೋಡದೇ ಓದಿದ್ರೆ ಈ ಖಾಲಿ ಜಾಗ ನಿಮಗೆ ಕಾಣೋದೇ ಇಲ್ಲ, ನಂಗೂ ಕಂಡಿರ್ಲಿಲ್ಲ.

1941 ತುಂಬಾ ಮುಖ್ಯವಾದ ವರ್ಷ, ಇಲ್ಲಿ ನಿಧಾನಕ್ಕೆ ಹೋಗಿ, ಒಂದು ವಾರಕ್ಕೆ ಒಂದು ಕವಿತೆ ಸಾಕು. ನವೆಂಬರ್ 5ರ 'ಬ್ಯೊಲ್ ಹೆನುನ್ ಬಾಮ್', ನಕ್ಷತ್ರ ಎಣಿಸೋ ರಾತ್ರಿ, ಇದನ್ನಂತೂ ಮೊದ್ಲು ಕೇಳಿ, ಯೂಟ್ಯೂಬಲ್ಲಿ ಕೊರಿಯನ್ನರು ಓದಿರೋದು ಬೇಕಾದಷ್ಟಿದೆ. ಒಂದು ನಕ್ಷತ್ರಕ್ಕೆ ನೆನಪು, ಒಂದಕ್ಕೆ ಪ್ರೀತಿ, ಒಂದಕ್ಕೆ ಒಂಟಿತನ ಅಂತ ಎಣಿಸ್ತಾ ಎಣಿಸ್ತಾ ಅಮ್ಮ ಅನ್ನೋ ಕಡೆ ಬಂದ ತಕ್ಷಣ ಕವಿತೆಯ ಸಾಲುಗಳೇ ಮುರಿದು ಹೋಗಿ ಉದ್ದದ ಗದ್ಯ ಆಗಿಬಿಡುತ್ತೆ, ಪ್ರೈಮರಿ ಸ್ಕೂಲಲ್ಲಿ ಪಕ್ಕ ಕೂತೋರು, ಪೆ, ಗ್ಯೊಂಗ್, ಒಕ್ ಅನ್ನೋ ಪರದೇಶದ ಹುಡುಗೀರು, ಆಗ್ಲೇ ಮಕ್ಕಳ ತಾಯಿ ಆಗಿರೋ ಹುಡುಗೀರು, ಬಡ ಅಕ್ಕಪಕ್ಕದೋರು, ಪಾರಿವಾಳ, ನಾಯಿಮರಿ, ಮೊಲ, ಹೇಸರಗತ್ತೆ, ಜಿಂಕೆ, ಅದೇ ಉಸಿರಲ್ಲಿ ಫ್ರಾನ್ಸಿಸ್ ಜಾಮ್, ರೈನರ್ ಮರಿಯಾ ರಿಲ್ಕೆ ಅನ್ನೋ ಯುರೋಪಿನ ಕವಿಗಳು. ಮತ್ತೆ ಅಮ್ಮ ನೀನು ದೂರದ ಉತ್ತರ ಗಾಂದೊದಲ್ಲಿದೀಯ ಅಂತ. ಹಾಸಿಗೆ ಮ್ಯಾಪಲ್ಲಿ ಸುತ್ತು ಹಾಕಿದ ನಕ್ಷತ್ರ, ಅಮ್ಮ, ಮಂಚೂರಿಯಾ ಮೂರೂ ಇಲ್ಲಿ ವಾಪಸ್ ಬಂತು ನೋಡಿ, ಈ ಸಲ ಮಗುವಿನ ಆಟ ಅಲ್ಲ.

ಈ ಕವಿತೇಲಿ ಅವನು ಗುಡ್ಡದ ಮೇಲೆ ತನ್ನ ಹೆಸ್ರು ಬರ್ದು ಮಣ್ಣಲ್ಲಿ ಮುಚ್ಚಿಬಿಡ್ತಾನೆ, ರಾತ್ರಿಯಿಡೀ ಕೂಗೋ ಹುಳ ನಾಚಿಕೆಗೇಡಿನ ಹೆಸರಿಗೆ ದುಃಖಪಡ್ತಿದೆ ಅಂತಾನೆ. ಹೆಸರು ಯಾಕೆ ಮುಚ್ತಾನೆ ಅಂತ ಬಲಗಡೆ ಪುಟ ನೋಡಿದ್ರೆ ಗೊತ್ತಾಗುತ್ತೆ, ಮುಂದೆನೂ ಬರುತ್ತೆ. ಇನ್ನೊಂದು ಮಜಾ, ಹಸ್ತಪ್ರತೀಲಿ ತಾರೀಖು ಇರೋದು ಕೊನೇ ಚರಣದ ಕೆಳಗಲ್ಲ, ಅದಕ್ಕಿಂತ ಮೇಲೆ. ಜೂನಿಯರ್ ಗೆಳೆಯ ಜೊಂಗ್ ಬ್ಯೊಂಗ್‌ಉಕ್ ಓದಿ ಕೊನೆ ಯಾಕೋ ಸಾಲ್ದು ಅಂದಿದ್ದಕ್ಕೆ, ಚಳಿಗಾಲ ಕಳೆದು ನನ್ನ ನಕ್ಷತ್ರಕ್ಕೂ ವಸಂತ ಬಂದ್ರೆ ಹೆಸರು ಹೂತ ಗುಡ್ಡದ ಮೇಲೆ ಹುಲ್ಲು ಚಿಗುರುತ್ತೆ ಅನ್ನೋ ಸಾಲುಗಳನ್ನ ಆಮೇಲೆ ಸೇರಿಸ್ದ. ಒಂದ್ಸಲ ಆ ಸಾಲು ಬಿಟ್ಟು ಓದಿ, ಒಂದ್ಸಲ ಸೇರಿಸಿ ಓದಿ. ನಂಗೆ ಬಿಟ್ಟು ಓದಿದ್ದೇ ಇಷ್ಟ, ಆದ್ರೆ ನನ್ನ ಅಭಿಪ್ರಾಯ ಕೇಳೋಕೆ ಅವನು ಇಲ್ವಲ್ಲ.

ಈಗ, ಈಗ 'ಸೊಶಿ' ಓದಿ. ನವೆಂಬರ್ 20, 1941. ಪದವಿ ಮುಗಿಯೋಕೆ ಮುಂಚೆ ಹತ್ತೊಂಬತ್ತು ಕವಿತೆ ಸೇರಿಸಿ ಪುಸ್ತಕ ಮಾಡ್ಬೇಕು ಅನ್ಕೊಂಡಿದ್ದ, ಮೊದ್ಲು ಅದಕ್ಕೆ 'ಆಸ್ಪತ್ರೆ' ಅಂತ ಹೆಸ್ರಿಡೋ ಯೋಚನೆ ಇತ್ತು, ಲೋಕ ತುಂಬ ರೋಗಿಗಳೇ ಅಂತ ಗೆಳೆಯನ ಹತ್ರ ಹೇಳಿದ್ದನಂತೆ. ಆಮೇಲೆ ಆಕಾಶವೂ ಗಾಳಿಯೂ ನಕ್ಷತ್ರವೂ ಕವಿತೆಯೂ ಅನ್ನೋ ಹೆಸ್ರಾಯ್ತು. ಆ ಪುಸ್ತಕದ ಬಾಗಿಲಿಗೆ ಅಂತ, ಅಂದ್ರೆ ಮುನ್ನುಡಿಯಾಗಿ, ಬರೆದದ್ದು ಈ ಪುಟ್ಟ ಕವಿತೆ. ಮುನ್ನುಡಿ ಅಂದ್ಮೇಲೆ ಎಲ್ರೂ ಕೊನೇಲೇ ಬರೆಯೋದು, ಹಾಗಾಗಿ ಹತ್ತೊಂಬತ್ತರಲ್ಲಿ ಇದು ಕೊನೇದು, ಅದನ್ನ ಮೊದ್ಲು ಓದಿದ್ದೇ ನನ್ನ ತಪ್ಪು. ಕೈಬರಹದ ಮೂರು ಪ್ರತಿ ಮಾಡ್ದ, ಒಂದು ತನಗೆ, ಒಂದು ಮೇಷ್ಟ್ರು ಲೀ ಯಾಂಗ್‌ಹಾಗೆ, ಒಂದು ಬ್ಯೊಂಗ್‌ಉಕ್‌ಗೆ. ಮೇಷ್ಟ್ರು, ಸೆನ್ಸಾರ್ ಬಿಡಲ್ಲ, ನಿಂಗೇ ಅಪಾಯ, ಈಗ ಬೇಡ ಅಂದ್ರು. ಪುಸ್ತಕ ಬರ್ಲಿಲ್ಲ.

ಓದೋವಾಗ ಕನ್ನಡದೋರಿಗೆ ಒಂದು ದೊಡ್ಡ ಅನುಕೂಲ ಇದೆ, ಇದನ್ನ ದಯವಿಟ್ಟು ಬಳಸ್ಕೊಳ್ಳಿ, ಇಂಗ್ಲಿಷ್ ಮೂಲಕ ಹೋಗ್ಬೇಡಿ. ಎರಡೂ ಭಾಷೇಲಿ ಕ್ರಿಯಾಪದ ಕೊನೇಲಿ ಬರುತ್ತೆ, ವಿಭಕ್ತಿ ಹಿಂದೆ ಅಂಟುತ್ತೆ, ವಿಶೇಷಣ ಮುಂದೆ ನಿಲ್ಲುತ್ತೆ. 'ಜುಂಗ್ನುನ್ ನಾಲ್‌ಕಾಜಿ' ಅಂದ್ರೆ ಸಾಯೋ ದಿನದವರೆಗೂ, ಪದದ ಕೆಳಗೆ ಪದ ಬರೀಬಹುದು. 'ಇಪ್ಸೆಎ ಇನುನ್ ಬರಮೆದೊ', ಎಲೇಲಿ ಏಳೋ ಗಾಳಿಗೂ. ಆ 'ಗೂ' ಇದ್ಯಲ್ಲ, ಅಷ್ಟು ಸಣ್ಣ ಗಾಳಿಗೂ ಸಂಕಟಪಟ್ಟೆ ಅನ್ನೋ 'ಗೂ', ಅದು ಕೊರಿಯನ್‌ನಲ್ಲೂ ಪದದ ಬಾಲದಲ್ಲೇ ಇದೆ. ಫೋನಲ್ಲಿರೋ ಟ್ರಾನ್ಸ್‌ಲೇಟರಿಗೆ ಹಾಕಿ ನೋಡ್ದೆ, ಅದು ಮೊದ್ಲು ಇಂಗ್ಲಿಷಿಗೆ ಹೋಗಿ ಬಂತೋ ಏನೋ, ಸಾಲು ತಿರುಗಾಮುರುಗಾ ಆಗಿ ಆ 'ಗೂ' ದಾರೀಲೇ ಉದುರಿ ಹೋಗಿತ್ತು.

ಇನ್ನು 'ಬುಕ್ಕುರೊಮ್'. ದೊಂಗ್‌ಜು ಕವಿತೆಗಳ ಬೀಗದ ಕೈ ಇದೇ ಪದ. ಸಾಯೋ ದಿನದವರೆಗೂ ಆಕಾಶ ನೋಡಿ ಒಂದು ಚುಕ್ಕೆಯಷ್ಟೂ ಬುಕ್ಕುರೊಮ್ ಇರಬಾರದು ಅಂತಾನೆ ಇಲ್ಲಿ (ಇದರ ಹಿಂದೆ ಪ್ರಾಚೀನ ಚೀನಾದ ತತ್ವಜ್ಞಾನಿ ಮೆನ್ಶಿಯಸ್‌ನ ಮಾತಿದೆ, ಸ್ಕೂಲು ಕಟ್ಟಿದ ಆ ಸೋದರಮಾವ ಮೆನ್ಶಿಯಸ್ ಅರೆದು ಕುಡಿದಿದ್ದ ಪಂಡಿತ). ಇಂಗ್ಲಿಷಲ್ಲಿ ಸಂಕೋಚಕ್ಕೊಂದು ಪದ, ಅವಮಾನಕ್ಕೊಂದು ಪದ, ಅನುವಾದ ಮಾಡೋರು ಒಂದನ್ನ ಆರಿಸ್ಕೋಬೇಕು. ಕೊರಿಯನ್ ಪದ ಎರಡೂ ಹೌದು, ನಮ್ಮ 'ನಾಚಿಕೆ' ಥರಾನೇ. ನೆಂಟರ ಮುಂದೆ ಮಗು ಪಡೋದೂ ನಾಚಿಕೆ, ತಪ್ಪು ಮಾಡಿ ನಾಚಿಕೆ ಆಗಲ್ವಾ ಅಂತ ಬೈಯೋದೂ ನಾಚಿಕೆ. ಹಾಗಾಗಿ 'ಅವಮಾನ', 'ಲಜ್ಜೆ' ಅಂತೆಲ್ಲ ದೊಡ್ಡ ಪದ ಹುಡುಕ್ಬೇಡಿ, ಎಲ್ಲಾ ಕಡೆ ನಾಚಿಕೆ ಅಂತಲೇ ಓದ್ಕೊಂಡು ಹೋಗಿ, ಪದ ಎಷ್ಟು ಸಲ ಬರುತ್ತೆ ಅಂತ ಲೆಕ್ಕ ಇಡಿ.

ಮುಂದಿನ ತಾರೀಖು 1942ರ ಜನವರಿ 24, 'ಚಾಮ್ಹೆರೊಕ್', ಪಶ್ಚಾತ್ತಾಪದ ಬರಹ. ಹಸಿರು ಕಿಲುಬು ಹಿಡಿದ ತಾಮ್ರದ ಕನ್ನಡೀಲಿ ಮುಖ ನೋಡ್ಕೊಳ್ತಾನೆ, ಬಾವಿ ಹೋಗಿ ಕನ್ನಡಿ ಬಂತು. ಇಪ್ಪತ್ನಾಲ್ಕು ವರ್ಷ ಒಂದು ತಿಂಗಳು ಯಾವ ಸುಖಕ್ಕೆ ಬದುಕಿದೆ ಅಂತ ಕೇಳ್ಕೊಳ್ತಾನೆ, ಹುಟ್ಟಿದ ತಾರೀಖಿಂದ ಎಣಿಸಿ, ಲೆಕ್ಕ ಹೆಚ್ಚುಕಮ್ಮಿ ಸರಿ ಇದೆ. ಐದು ದಿನ ಆದ್ಮೇಲೆ, ಜನವರಿ 29ಕ್ಕೆ, ಕಾಲೇಜಲ್ಲಿ ಹಿರಾನುಮಾ ಅಂತ ಜಪಾನಿ ಹೆಸ್ರು ಕೊಟ್ಟ. ಜಪಾನಿಗೆ ಓದೋಕೆ ಹೋಗ್ಬೇಕಂದ್ರೆ ಪ್ರಯಾಣದ ಪರವಾನಗಿ ಬೇಕು, ಅದಕ್ಕೆ ಆ ಹೆಸ್ರು ಬೇಕು. ಆ ಕವಿತೆಯ ಹಸ್ತಪ್ರತಿಯ ಅಂಚಲ್ಲಿ ಗೀಚಿರೋ ಪದಗಳಲ್ಲಿ 'ಪ್ರಯಾಣದ ಪರವಾನಗಿ' ಅನ್ನೋದೂ ಇದೆ. ಕವಿತೇಲಿ ಆ ಪದ ಇಲ್ಲ, ಅಂಚಲ್ಲಿದೆ. ಹಸ್ತಪ್ರತಿಯ ಫೋಟೊ ಸಿಕ್ರೆ ಬಿಡದೇ ನೋಡಿ, ಅಚ್ಚಾದ ಪುಸ್ತಕದಲ್ಲಿ ಇದು ಸಿಗಲ್ಲ.

ಕೊನೇ ಕವಿತೆ, ನಮಗೆ ಸಿಕ್ಕಿರೋದರಲ್ಲಿ ತಾರೀಖಿನ ಪ್ರಕಾರ ಕೊನೇದು, 1942ರ ಜೂನ್ 3ರ 'ಸುಲಭವಾಗಿ ಬರೆದ ಕವಿತೆ'. ಟೋಕಿಯೊದ ರಿಕ್ಕ್ಯೊ ಯೂನಿವರ್ಸಿಟಿಲಿ ಇಂಗ್ಲಿಷ್ ಸಾಹಿತ್ಯ ಓದ್ತಿದ್ದಾನೆ, ಹೊರಗೆ ರಾತ್ರಿ ಮಳೆ ಪಿಸುಗುಟ್ತಿದೆ, ಆರು ಚಾಪೆಯ ಈ ರೂಮು ಬೇರೆಯವರ ದೇಶ ಅಂತಾನೆ. ಜಪಾನಲ್ಲಿ ರೂಮು ಅಳೆಯೋದೇ ತತಾಮಿ ಚಾಪೆ ಲೆಕ್ಕದಲ್ಲಿ, ಆರು ಚಾಪೆ ಅಂದ್ರೆ ನಮ್ಮ ಹತ್ತಡಿ ಹತ್ತಡಿ ಬಾಡಿಗೆ ರೂಮು ಅಂದ್ಕೊಳ್ಳಿ. ಮನೆಯಿಂದ ಬಂದ ಫೀಸಿನ ಕವರಲ್ಲಿ ಬೆವರಿನ ವಾಸನೆ, ಪ್ರೀತಿಯ ವಾಸನೆ. ನೋಟ್‌ಬುಕ್ ಕಂಕುಳಲ್ಲಿಟ್ಕೊಂಡು ಮುದಿ ಪ್ರೊಫೆಸರ ಪಾಠಕ್ಕೆ ಹೋಗ್ತಾನೆ. ಬದುಕು ಕಷ್ಟ ಅಂತಾರೆ, ಕವಿತೆ ಮಾತ್ರ ಹೀಗೆ ಸುಲಭವಾಗಿ ಬರ್ತಿರೋದು ನಾಚಿಕೆ ವಿಷ್ಯ. ಕೊನೆಗೆ ನಾನು ನನಗೇ ಪುಟ್ಟ ಕೈ ಚಾಚಿ ಮೊದಲ ಸಲ ಕೈ ಕುಲುಕ್ತೀನಿ ಅಂತಾನೆ. ಬಾವಿಲಿದ್ದ ಆ ಗಂಡಸು ನೆನಪಿದಾನಾ? 1939ರಲ್ಲಿ ಮುಖ ತಿರುಗಿಸಿ ಹೋಗಿದ್ದೋನು ಮೂರು ವರ್ಷಕ್ಕೆ ಕೈ ಕೊಟ್ಟ. ತಾರೀಖಿನ ಕ್ರಮದಲ್ಲಿ ಓದಿದ್ರೆ ಮಾತ್ರ ಇದು ಸಿಗೋದು, ನಾನು ಬಸ್ಸಲ್ಲಿ ಕೂತು ಇದನ್ನ ಕಂಡ್ಕೊಂಡಾಗ ಸ್ಟಾಪ್ ಬಿಟ್ಟು ಮುಂದೆ ಹೋಗಿದ್ದೆ.

ಈ ಕವಿತೆ ಉಳಿದಿರೋದು ಸೋಲ್‌ನ ಗೆಳೆಯ ಕಾಂಗ್ ಚೊಜುಂಗ್‌ಗೆ ಕಳಿಸಿದ್ದ ಐದು ಕವಿತೆಗಳಲ್ಲಿ ಒಂದಾಗಿ. ಆಮೇಲೆ ಕ್ಯೊಟೊದ ದೊಶಿಶಾ ಯೂನಿವರ್ಸಿಟಿಗೆ ಬದಲಾಯಿಸ್ಕೊಂಡ, ಅಲ್ಲಿ ಏನು ಬರೆದ್ನೋ ಎಲ್ಲಾ ಪೊಲೀಸರ ಕೈ ಸೇರಿ ಕಾಣೆಯಾಯ್ತು. ಎಡಗಡೆ ಪುಟ ಇಲ್ಲಿಂದ ಖಾಲಿ, ಬಲಗಡೆ ನೀವೇ ತುಂಬ್ಸಿ: 1943ರ ಜುಲೈ 14 ಬಂಧನ, ಸೋದರತ್ತೆ ಮಗ ಮೊಂಗ್‌ಗ್ಯು ನಾಲ್ಕು ದಿನ ಮೊದ್ಲೇ ಒಳಗೆ. 1944ರ ಮಾರ್ಚಲ್ಲಿ ಎರಡು ವರ್ಷದ ಶಿಕ್ಷೆ, ಕೊರಿಯಾ ಸ್ವಾತಂತ್ರ್ಯದ ಪರ ಸಂಚು ಅಂತ. ಫುಕುಒಕಾ ಜೈಲು. 1945ರ ಫೆಬ್ರವರಿ 16 ಸಾವು. ಮನೆಗೆ ಹೆಣ ತಗೊಂಡು ಹೋಗಿ ಅಂತ ಟೆಲಿಗ್ರಾಂ ಬಂದು, ಅಪ್ಪ ಹೊರಟ ಮೇಲೆ, ಕಾಯಿಲೆ ಜೋರಾಗಿದೆ ಅನ್ನೋ ಹಳೇ ಕಾಗದ ಊರಿಗೆ ತಲುಪ್ತು. ಜೈಲಲ್ಲಿ ಮೂಳೆ ಚಕ್ಕಳ ಆಗಿದ್ದ ಮೊಂಗ್‌ಗ್ಯು, ಹೆಣ ತರೋಕೆ ಹೋದೋರ ಹತ್ರ, ನಮಗೆ ಏನೋ ಇಂಜೆಕ್ಷನ್ ಕೊಡ್ತಾರೆ ಅಂದ, ಮಾರ್ಚ್ 7ಕ್ಕೆ ಅವನೂ ಹೋದ. ಆ ಇಂಜೆಕ್ಷನ್ ಕೈದಿಗಳ ಮೇಲೆ ಮಾಡಿದ ವೈದ್ಯಕೀಯ ಪ್ರಯೋಗದ್ದೇ ಅಂತ ಸಾಬೀತಾಗಿಲ್ಲ, ಹಾಗಾಗಿ ಅದನ್ನ ಪಕ್ಕಾ ಸುದ್ದಿ ಥರ ಹರಡ್ಬೇಡಿ. ಜೂನಲ್ಲಿ ಮನೆಯೋರು ಲಾಂಗ್‌ಜಿಂಗ್‌ನಲ್ಲಿ ಸಮಾಧಿ ಕಲ್ಲು ನಿಲ್ಲಿಸಿ 'ಕವಿ ಯುನ್ ದೊಂಗ್‌ಜು' ಅಂತ ಕೆತ್ತಿಸಿದ್ರು, ಒಂದೂ ಪುಸ್ತಕ ಇಲ್ಲದ ಹುಡುಗನಿಗೆ.

ಪುಸ್ತಕ ಬಂದಿದ್ದು 1948ರ ಜನವರಿಲಿ, ಮೂವತ್ತೊಂದು ಕವಿತೆ. ಬ್ಯೊಂಗ್‌ಉಕ್ ಜಪಾನಿ ಸೈನ್ಯಕ್ಕೆ ಬಲವಂತವಾಗಿ ಹೋಗೋವಾಗ ತನ್ನ ಪ್ರತೀನ ಗ್ವಾಂಗ್‌ಯಾಂಗ್‌ನಲ್ಲಿದ್ದ ಅಮ್ಮನ ಕೈಗೆ ಕೊಟ್ಟು ಜೋಪಾನ ಅಂದಿದ್ದ, ಆಕೆ ಅದನ್ನ ಮನೆಯ ನೆಲದ ಹಲಗೆ ಕೆಳಗೆ ಬಚ್ಚಿಟ್ಟಿದ್ರು. ಮೂರರಲ್ಲಿ ಉಳಿದದ್ದು ಅದೊಂದೇ. ಆ ಮನೆ ಈಗಲೂ ಇದೆ. ಸೋಲ್‌ಗೆ ಹೋದ್ರೆ ಇನ್ವಾಂಗ್ ಗುಡ್ಡದ ಬದಿಯ ಯುನ್ ದೊಂಗ್‌ಜು ಸಾಹಿತ್ಯ ಮ್ಯೂಸಿಯಂ ನೋಡಿ, ಹಳೇ ನೀರಿನ ಟ್ಯಾಂಕನ್ನ 2012ರಲ್ಲಿ ಮ್ಯೂಸಿಯಂ ಮಾಡಿದಾರೆ, ಒಂದು ಟ್ಯಾಂಕಿನ ಸೂರು ತೆಗೆದು ಆಕಾಶ ಕಾಣೋ ಹಾಗೆ ಬಿಟ್ಟಿದಾರೆ, ಒಳಗೆ ನಿಂತ್ರೆ ಬಾವಿಯೊಳಗೆ ನಿಂತ ಹಾಗಿರುತ್ತಂತೆ. 2016ರ ಕಪ್ಪು ಬಿಳುಪು ಸಿನಿಮಾನೂ ಇದೆ, ಓದಿ ಮುಗಿಸಿದ ಮೇಲೆ ನೋಡಿ, ಮೊದ್ಲು ನೋಡಿದ್ರೆ ಆಮೇಲೆ ಎಲ್ಲಾ ಕವಿತೇನೂ ನಟನ ದನೀಲೇ ಕೇಳುತ್ತೆ.

ಮೂಲಗಳೆಲ್ಲ ಕಾಪಿರೈಟ್ ಮುಗಿದಿರೋದ್ರಿಂದ ಕೊರಿಯನ್ ವಿಕಿಸೋರ್ಸಲ್ಲೇ ಸಿಗುತ್ತೆ. ಒಂದಾದ್ರೂ ನೀವೇ ಕನ್ನಡಕ್ಕೆ ತನ್ನಿ, 'ಸೊಶಿ'ನೇ ತಗೊಳ್ಳಿ ಈಗ. ಅದರಲ್ಲಿ ಒಂದು ಹಳ್ಳ ಇದೆ ಹುಷಾರು, 'ಚುಗೊಗಾನುನ್ ಗೊಟ್'. ದೊಶಿಶಾದಲ್ಲಿ 1995ರಲ್ಲಿ ನಿಲ್ಲಿಸಿದ ಅವನ ನೆನಪಿನ ಕಲ್ಲಿನ ಮೇಲೆ ಮೂಲದ ಜೊತೆ ಇರೋ ಜಪಾನಿ ಅನುವಾದದಲ್ಲಿ ಅದು 'ಬದುಕಿರೋದೆಲ್ಲವನ್ನೂ' ಅಂತಾಗಿದೆ. 1985ರಲ್ಲಿ ಲಾಂಗ್‌ಜಿಂಗ್‌ನ ಸಮಾಧಿ ಹುಡುಕಿ ಕೊಟ್ಟ ಜಪಾನಿ ವಿದ್ವಾಂಸ ಒಮುರಾ ಮಸುಒ ಇದನ್ನ ಒಪ್ಪಲಿಲ್ಲ, ದೊಂಗ್‌ಜು ಬರೆದದ್ದು ಸಾಯ್ತಿರೋದು ಅಂತ, ಆ ಕಾಲದಲ್ಲಿ ಸಾಯ್ತಿದ್ದದ್ದು ಏನೇನು ಅಂತ. ಕನ್ನಡದಲ್ಲಿ ಈ ಕಷ್ಟಾನೇ ಇಲ್ಲ, 'ಚುಗೊ' ಸತ್ತು, 'ಗಾನುನ್' ಹೋಗ್ತಿರೋ. ಸತ್ತು ಹೋಗ್ತಿರೋದನ್ನೆಲ್ಲ ಪ್ರೀತಿಸ್ಬೇಕು. ನಮಗೂ ಸಾಯೋದರ ಜೊತೆ ಹೋಗೋದು ಅಂಟ್ಕೊಂಡೇ ಇದೆ.

ಸಿಕ್ಕಿಹಾಕ್ಕೊಳ್ಳೋದು ಕೊನೇ ಸಾಲಲ್ಲಿ, 'ಸುಚಿಉಂದ'. ಇವತ್ತು ರಾತ್ರಿನೂ ನಕ್ಷತ್ರ ಗಾಳಿಗೆ ಏನೋ ಆಗ್ತಿದೆ. ಗಾಳಿ ನಕ್ಷತ್ರಾನ ಮುಟ್ತು ಅಂತಲ್ಲ, ಅಲ್ಲಿ ಕರ್ತೃ ನಕ್ಷತ್ರ. 'ಸೋಕ್ತಿದೆ' ಅಂತ ಬರ್ದೆ, ಹೊಡೆದು ಹಾಕ್ದೆ. 'ತಾಕ್ತಿದೆ' ಒರಟಾಯ್ತು. ನನ್ನ ನೋಟ್‌ಬುಕ್‌ನಲ್ಲಿ ಸದ್ಯಕ್ಕೆ ಪೆನ್ಸಿಲ್ಲಲ್ಲಿ 'ಸವರಿಕೊಳ್ತಿದೆ' ಅಂತಿದೆ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ, ಕೆಳಗೆ ತಾರೀಖು.